ಮೂರು ಶಾಲೆಗಳು, ಒಂದೇ ಮೊತ್ತ: ಮಕ್ಕಳ ದೈಹಿಕ ಚಟುವಟಿಕೆಯನ್ನು ಅಳೆದ ಒಂದು ಪ್ರಕರಣದ ಅಧ್ಯಯನ

2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಚಿಕ್ಕದೊಂದು ಸಂಶೋಧನಾ ವರದಿ ಪ್ರಕಟವಾಯಿತು. ಇಂಗ್ಲೆಂಡಿನ ನೈಋತ್ಯ ಭಾಗದ ಪ್ಲಿಮತ್ ನಗರದ ಸಂಶೋಧಕರು ಮೂರು ಶಾಲೆಗಳ 215 ಮಕ್ಕಳ ಸೊಂಟಕ್ಕೆ ಚಲನೆಯನ್ನು ದಾಖಲಿಸುವ ಪುಟ್ಟ ಉಪಕರಣವನ್ನು ಕಟ್ಟಿ, ಅವರು ಎದ್ದಿರುವ ಅಷ್ಟೂ ಹೊತ್ತಿನ ಓಡಾಟವನ್ನು ಅಳೆದಿದ್ದರು. ಮಕ್ಕಳ ಸರಾಸರಿ ವಯಸ್ಸು ಸುಮಾರು ಒಂಬತ್ತು ವರ್ಷ. ಶಾಲೆಯ ವೇಳಾಪಟ್ಟಿಯಲ್ಲಿರುವ ದೈಹಿಕ ಶಿಕ್ಷಣದ ಅವಧಿ ಹೆಚ್ಚಾದಷ್ಟೂ ಮಗುವಿನ ಒಟ್ಟು ಚಟುವಟಿಕೆಯೂ ಹೆಚ್ಚುತ್ತದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹೆಚ್ಚುತ್ತದೆ ಎಂದೇ ಯಾರಾದರೂ ಊಹಿಸುತ್ತಾರೆ. ಬಂದ ಉತ್ತರ ಹಾಗಿರಲಿಲ್ಲ. ಅಂದಿನಿಂದ ಇಂದಿನವರೆಗೂ ಮಕ್ಕಳ ಆರೋಗ್ಯದ ಕುರಿತ ಚರ್ಚೆಗಳಲ್ಲಿ ಆ ಫಲಿತಾಂಶವನ್ನು ಒಂದು ಕಡೆಯವರು ಆಧಾರವಾಗಿಯೂ ಇನ್ನೊಂದು ಕಡೆಯವರು ಆಕ್ಷೇಪಕ್ಕೆ ಗುರಿಯಾಗಿಯೂ ಬಳಸುತ್ತಿದ್ದಾರೆ. ಈ ಪ್ರಕರಣವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಮಗುವಿನ ಓಟವನ್ನು ಒಂದು ಸಂಖ್ಯೆಯಾಗಿ ಬರೆದಿಡುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಪ್ರಕರಣದ ವಿವರ

ಮೊದಲನೆಯದು ಖಾಸಗಿ ಶಾಲೆ. ಅಲ್ಲಿ ಕೆಲವು ಮಕ್ಕಳು ವಸತಿನಿಲಯದಲ್ಲೇ ಇರುತ್ತಿದ್ದರು, ಆಟೋಟದ ಸೌಲಭ್ಯಗಳು ಧಾರಾಳವಾಗಿದ್ದವು ಮತ್ತು ವಾರಕ್ಕೆ 9 ಗಂಟೆಗಳ ದೈಹಿಕ ಶಿಕ್ಷಣ ವೇಳಾಪಟ್ಟಿಯಲ್ಲೇ ಇತ್ತು. ಎರಡನೆಯದು ಹಳ್ಳಿಯ ಶಾಲೆ. ಅಲ್ಲಿ ವಾರಕ್ಕೆ 2.2 ಗಂಟೆ. ಮೂರನೆಯದು ನಗರದೊಳಗಿನ, ಆಟದ ಅನುಕೂಲಗಳು ಕಡಿಮೆಯಿದ್ದ ಶಾಲೆ, ಅಲ್ಲಿ 1.8 ಗಂಟೆ. ಅಂದರೆ ಮೊದಲ ಶಾಲೆಯ ಮಗುವಿಗೆ ಮೂರನೆಯ ಶಾಲೆಯ ಮಗುವಿಗಿಂತ ಐದು ಪಟ್ಟು ಹೆಚ್ಚು ಅವಧಿ ಸಿಗುತ್ತಿತ್ತು.

ಶಾಲೆಯ ಹೊತ್ತಿನಲ್ಲಿ ಮೊದಲ ಶಾಲೆಯ ಮಕ್ಕಳೇ ಹೆಚ್ಚು ಚಟುವಟಿಕೆಯಿಂದಿದ್ದರು ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಇಡೀ ವಾರದ ಲೆಕ್ಕ ಹಾಕಿದಾಗ ಮೂರೂ ಶಾಲೆಗಳ ಮೊತ್ತ ಹತ್ತಿರಹತ್ತಿರ ಒಂದೇ ಆಯಿತು. ಉಳಿದೆರಡು ಶಾಲೆಗಳ ಮಕ್ಕಳು ಶಾಲೆಯಲ್ಲಿ ಕಡಿಮೆಯಾದದ್ದನ್ನು ಶಾಲೆ ಬಿಟ್ಟ ಮೇಲೆ ತುಂಬಿಕೊಂಡಂತೆ ಅಂಕಿಗಳು ತೋರಿದವು.

ಇದೇ ತಂಡ ಪ್ಲಿಮತ್‌ನಲ್ಲಿ ಸುಮಾರು 300 ಮಕ್ಕಳನ್ನು ಐದನೆಯ ವಯಸ್ಸಿನಿಂದ ವರ್ಷವರ್ಷವೂ ಪರೀಕ್ಷಿಸುತ್ತಿದ್ದ ‘ಅರ್ಲಿಬರ್ಡ್’ ಎಂಬ ದೀರ್ಘಕಾಲಿಕ ಅಧ್ಯಯನವನ್ನೂ ನಡೆಸುತ್ತಿತ್ತು. ಶಾಲೆಗೆ ನಡೆದು ಹೋಗುವ ಐದು ವರ್ಷದ ಮಕ್ಕಳ ವಾರದ ಒಟ್ಟು ಚಟುವಟಿಕೆ ಕಾರಿನಲ್ಲಿ ಹೋಗುವವರಿಗಿಂತ ಹೆಚ್ಚೇನೂ ಇಲ್ಲ ಎಂದು 2004ರಲ್ಲಿ ಅದು ವರದಿ ಮಾಡಿತು. 2006ರಲ್ಲಿ ಟೆರೆನ್ಸ್ ವಿಲ್ಕಿನ್ ಮತ್ತು ಸಹೋದ್ಯೋಗಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ಚಟುವಟಿಕೆಯ ವ್ಯತ್ಯಾಸ ಪರಿಸರಕ್ಕಿಂತ ಹೆಚ್ಚಾಗಿ ಮಗುವಿನೊಳಗೇ ಇದೆ ಎಂದು ವಾದಿಸಿದರು. ದೇಹದ ಉಷ್ಣತೆಯನ್ನು ಕಾಯ್ದುಕೊಳ್ಳುವ ಕೇಂದ್ರವೊಂದು ಮೆದುಳಿನಲ್ಲಿರುವಂತೆ ಚಟುವಟಿಕೆಯ ಮಟ್ಟವನ್ನೂ ಕಾಯುವ ಜೈವಿಕ ನಿಯಂತ್ರಕವೊಂದು ಇರಬಹುದು ಎಂಬ ಊಹೆಯನ್ನು ಅಮೆರಿಕದ ಮಕ್ಕಳ ವೈದ್ಯ ಥಾಮಸ್ ರೋಲ್ಯಾಂಡ್ 1998ರಲ್ಲೇ ಮುಂದಿಟ್ಟಿದ್ದರು. ಪ್ಲಿಮತ್‌ನ ಅಂಕಿಗಳು ಅದಕ್ಕೆ ಬೆಂಬಲದಂತೆ ಕಂಡವು.

ಅಲ್ಲಿಂದ ಒಂದು ನೀತಿಯ ತೀರ್ಮಾನಕ್ಕೆ ಜಿಗಿಯುವುದು ಬಹಳ ಸುಲಭ: ಆಟದ ಅವಧಿ ಹೆಚ್ಚಿಸಿದರೂ ಪ್ರಯೋಜನವಿಲ್ಲ, ಮಗು ಹೇಗೂ ತನ್ನ ಪಾಲನ್ನು ಸರಿದೂಗಿಸಿಕೊಳ್ಳುತ್ತದೆ. ಈ ಜಿಗಿತವನ್ನು ಒಪ್ಪುವ ಮೊದಲು ಉಪಕರಣದ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸೊಂಟದ ಮೇಲಿನ ಪೆಟ್ಟಿಗೆ

ಆ ಕಾಲದಲ್ಲಿ ಮಕ್ಕಳ ಅಧ್ಯಯನಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಆಕ್ಸೆಲೆರೋಮೀಟರ್ 50 ಗ್ರಾಂಗಿಂತಲೂ ಹಗುರವಾದ, ಪಟ್ಟಿಗೆ ಸಿಕ್ಕಿಸಿ ಸೊಂಟಕ್ಕೆ ಕಟ್ಟುವ ಪೆಟ್ಟಿಗೆ. ಅದು ಮೇಲೆ ಕೆಳಗೆ ಆಗುವ ಚಲನೆಯನ್ನು ಮಾತ್ರ, ಅಂದರೆ ಒಂದೇ ಅಕ್ಷದ ವೇಗೋತ್ಕರ್ಷವನ್ನು, ಸೆಕೆಂಡಿಗೆ 10 ಬಾರಿ ಓದುತ್ತಿತ್ತು. ಮನುಷ್ಯನ ಸಹಜ ಚಲನೆಗೆ ಸೇರದ ಕಂಪನವನ್ನು, ಉದಾಹರಣೆಗೆ ವಾಹನದ ಅದುರನ್ನು, ಹೊರಗಿಡಲು ಸುಮಾರು 0.25ರಿಂದ 2.5 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಬಾರಿ ಮರುಕಳಿಸುವ) ಆವರ್ತನವನ್ನಷ್ಟೇ ಒಳಬಿಡುವ ಶೋಧಕ ಅದರಲ್ಲಿತ್ತು. ಹೀಗೆ ಸೋಸಿ ಉಳಿದದ್ದನ್ನು ಕೂಡಿ ‘ಎಣಿಕೆ’ ಎಂಬ ಸಂಖ್ಯೆಯಾಗಿ ಬರೆದಿಡುತ್ತಿತ್ತು. ಈ ಎಣಿಕೆ ಹೆಜ್ಜೆಯೂ ಅಲ್ಲ, ಕ್ಯಾಲೊರಿಯೂ ಅಲ್ಲ. ಅದಕ್ಕೆ ಸ್ವಂತ ಅರ್ಥವೇ ಇಲ್ಲ. ಅರ್ಥವನ್ನು ಸಂಶೋಧಕರು ಆಮೇಲೆ ಕೊಡುತ್ತಾರೆ.

ಇಷ್ಟರಿಂದಲೇ ಕೆಲವು ಪರಿಣಾಮಗಳು ಹೊರಡುತ್ತವೆ. ಮಗು ಸೈಕಲ್ ತುಳಿಯುವಾಗ ಸೊಂಟ ಹೆಚ್ಚೇನೂ ಮೇಲೆ ಕೆಳಗೆ ಆಗುವುದಿಲ್ಲ, ಆದ್ದರಿಂದ ಬೆವರು ಸುರಿಸುವ ಸವಾರಿಯೂ ಸುಮ್ಮನೆ ನಿಂತದ್ದಕ್ಕೆ ಹತ್ತಿರವಾಗಿ ದಾಖಲಾಗುತ್ತದೆ. ಈಜುವ ಮುಂಚೆ ಪಟ್ಟಿಯನ್ನು ಬಿಚ್ಚಿಡಬೇಕಾಗಿದ್ದರಿಂದ ನೀರಿನಲ್ಲಿ ಕಳೆದ ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ಬೆಟ್ಟ ಹತ್ತುವುದು, ಭಾರ ಹೊರುವುದು, ಹಗ್ಗ ಎಳೆಯುವುದು, ಗೋಡೆಗೆ ಜೋತುಬೀಳುವುದು ಎಲ್ಲವೂ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತವೆ. ಇನ್ನು ವೇಗದ ಓಟದಲ್ಲಿ ಹೆಜ್ಜೆಗಳ ಗತಿ ಶೋಧಕದ ಮೇಲ್ಮಿತಿಯನ್ನು ದಾಟುವುದರಿಂದ ಒಂದು ಹಂತದ ನಂತರ ಓಟ ಜೋರಾದರೂ ಎಣಿಕೆ ಏರುವುದಿಲ್ಲ. ಮೂರು ಶಾಲೆಗಳ ಪ್ರಕರಣದಲ್ಲಿ ಇದು ಸಣ್ಣ ಮಾತಲ್ಲ. ಧಾರಾಳ ಸೌಲಭ್ಯವಿರುವ ಶಾಲೆಯಲ್ಲಿ ಈಜು, ವೇಗದ ಓಟ, ಸಂಘಟಿತ ಕ್ರೀಡೆಗಳ ಪಾಲು ಹೆಚ್ಚಿರುವ ಸಾಧ್ಯತೆ ಇದೆ, ಮತ್ತು ಉಪಕರಣ ಕಡಿಮೆ ತೂಗುವುದು ಇಂಥವುಗಳನ್ನೇ. ಮೊತ್ತ ಸಮನಾಗಿದೆ ಎಂಬ ಮಾತನ್ನು ‘ಈ ಉಪಕರಣ ಕಾಣಬಲ್ಲ ಚಲನೆಯ ಮೊತ್ತ ಸಮನಾಗಿದೆ’ ಎಂದೇ ಓದಿಕೊಳ್ಳಬೇಕು.

ಒಂದು ನಿಮಿಷದ ಒಳಗೆ

ಮಕ್ಕಳ ಓಡಾಟದ ಲಯ ದೊಡ್ಡವರದರಂತಲ್ಲ. 1995ರಲ್ಲಿ ಬೇಯ್ಲಿ ಮತ್ತು ಸಹೋದ್ಯೋಗಿಗಳು ಆರರಿಂದ ಹತ್ತು ವರ್ಷದ 15 ಮಕ್ಕಳನ್ನು ಹತ್ತಿರದಿಂದ ಗಮನಿಸುತ್ತಾ ಪ್ರತಿ 3 ಸೆಕೆಂಡಿಗೊಮ್ಮೆ ಚಟುವಟಿಕೆಯನ್ನು ಬರೆದುಕೊಂಡರು. ಬಿರುಸಿನ ಚಟುವಟಿಕೆಯ ಒಂದು ಸರದಿಯ ಮಧ್ಯಾಂಕ ಅವಧಿ, ಅಂದರೆ ಎಲ್ಲ ಸರದಿಗಳನ್ನು ಉದ್ದದ ಕ್ರಮದಲ್ಲಿಟ್ಟಾಗ ನಡುವೆ ಬರುವ ಸರದಿಯ ಅವಧಿ, ಬರೀ 3 ಸೆಕೆಂಡ್. ಹಗುರ ಮತ್ತು ಮಧ್ಯಮ ಚಟುವಟಿಕೆಗೆ 6 ಸೆಕೆಂಡ್. ಬಿರುಸಿನ ಸರದಿಗಳಲ್ಲಿ ಶೇ. 95ರಷ್ಟು 15 ಸೆಕೆಂಡಿಗಿಂತ ಮೊದಲೇ ಮುಗಿದುಹೋಗುತ್ತಿದ್ದವು. ಮಕ್ಕಳ ಆಟವನ್ನು ನೋಡಿದ ಯಾರಿಗೂ ಇದು ಗೊತ್ತಿರುವುದೇ: ಓಡಿದರು, ನಿಂತರು, ಜಗಳವಾಡಿದರು, ಮತ್ತೆ ಓಡಿದರು. ಆದರೆ ಆ ಕಾಲದ ಉಪಕರಣದ ಸ್ಮರಣಕೋಶ ಚಿಕ್ಕದು. ಎಷ್ಟು ಕಿರಿದಾದ ಕಾಲಖಂಡಕ್ಕೆ ಎಣಿಕೆ ಬರೆಸುತ್ತೇವೆಯೋ ಅಷ್ಟು ಬೇಗ ಅದು ತುಂಬಿಹೋಗುತ್ತಿತ್ತು. ಹಾಗಾಗಿ ಬಹುತೇಕ ಅಧ್ಯಯನಗಳು ಒಂದು ನಿಮಿಷದ ಕಾಲಖಂಡವನ್ನೇ ಇಟ್ಟುಕೊಂಡವು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡೋಣ. 2008ರಲ್ಲಿ ಎವೆನ್ಸನ್ ಮತ್ತು ಸಹೋದ್ಯೋಗಿಗಳು ನಿಗದಿಪಡಿಸಿದ ಗಡಿಯ ಪ್ರಕಾರ ನಿಮಿಷಕ್ಕೆ 2296 ಅಥವಾ ಅದಕ್ಕಿಂತ ಹೆಚ್ಚು ಎಣಿಕೆಯಾದರೆ ಅದು ಮಧ್ಯಮದಿಂದ ತೀವ್ರ ಮಟ್ಟದ ಚಟುವಟಿಕೆ. 15 ಸೆಕೆಂಡಿಗೆ ಇಳಿಸಿದರೆ 574. ಮಗುವೊಂದು ಮೊದಲ 15 ಸೆಕೆಂಡ್ ಓಡಿ, ಉಳಿದ 45 ಸೆಕೆಂಡ್ ಬಹುತೇಕ ನಿಂತೇ ಇತ್ತು ಎಂದುಕೊಳ್ಳಿ. ಉದಾಹರಣೆಗೆ ನಾಲ್ಕು ಕಾಲುನಿಮಿಷಗಳ ಎಣಿಕೆ ಕ್ರಮವಾಗಿ 1200, 100, 60, 40 ಇರಲಿ. ಮೊತ್ತ 1400. ನಿಮಿಷದ ಲೆಕ್ಕದಲ್ಲಿ ಈ ಮಗು ಗಡಿಯನ್ನು ಮುಟ್ಟಲೇ ಇಲ್ಲ. ಕಾಲುನಿಮಿಷದ ಲೆಕ್ಕದಲ್ಲಿ 15 ಸೆಕೆಂಡ್ ಓಡಿದೆ. ಇಂಥದ್ದೇ ನಿಮಿಷಗಳು ಒಂದು ಗಂಟೆ ಮುಂದುವರಿದರೆ ಒಂದು ಲೆಕ್ಕದಲ್ಲಿ ಸೊನ್ನೆ, ಇನ್ನೊಂದರಲ್ಲಿ 15 ನಿಮಿಷ. ಈಗ ಓಟ ಇನ್ನಷ್ಟು ಬಿರುಸಾಗಿ ಮೊದಲ ಕಾಲುನಿಮಿಷದ ಎಣಿಕೆ 2400 ಆಯಿತು ಎನ್ನಿ. ಮೊತ್ತ 2600. ಈಗ ನಿಮಿಷದ ಲೆಕ್ಕ ಇಡೀ ನಿಮಿಷವನ್ನೇ ಚಟುವಟಿಕೆಯ ಖಾತೆಗೆ ಜಮಾ ಮಾಡುತ್ತದೆ, ಓಡಿದ್ದು ಆಗಲೂ 15 ಸೆಕೆಂಡೇ. ತಪ್ಪು ಒಂದೇ ದಿಕ್ಕಿಗೆ ವಾಲುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಒಂದೇ ದಿಕ್ಕಿನ ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಮೂರು ಶಾಲೆಗಳ ಮುಖ್ಯ ಫಲಿತಾಂಶ ಎಣಿಕೆಗಳ ಒಟ್ಟು ಮೊತ್ತದ ಮೇಲೆ ನಿಂತಿದೆ, ಮತ್ತು ಕಾಲಖಂಡ ಎಷ್ಟೇ ಇರಲಿ, ಮೊತ್ತ ಬದಲಾಗುವುದಿಲ್ಲ. ಆ ಮಟ್ಟಿಗೆ ಪ್ಲಿಮತ್‌ನ ತಂಡ ಸುರಕ್ಷಿತವಾದ ಅಳತೆಯನ್ನೇ ಆರಿಸಿಕೊಂಡಿತ್ತು. ಆದರೆ ಮೊತ್ತಕ್ಕೆ ಅದರದೇ ಮಿತಿಯಿದೆ: ದಿನವಿಡೀ ಹಗುರವಾಗಿ ಓಡಾಡಿದ ಮಗುವೂ ಅರ್ಧ ಗಂಟೆ ಉಸಿರುಗಟ್ಟುವಂತೆ ಆಡಿ ಆಮೇಲೆ ಕುಳಿತ ಮಗುವೂ ಒಂದೇ ಮೊತ್ತಕ್ಕೆ ಬಂದು ನಿಲ್ಲಬಹುದು. ಆರೋಗ್ಯದ ದೃಷ್ಟಿಯಿಂದ ಆ ಇಬ್ಬರೂ ಒಂದೇ ಅಲ್ಲ.

ತೀವ್ರತೆಯನ್ನು ಬಿಡಿಸಿ ನೋಡಲು ಹೊರಟರೆ ಗಡಿ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಎವೆನ್ಸನ್ ಗಡಿ 2296 ಆದರೆ, 2002ರಲ್ಲಿ ಪುಯೋ ಮತ್ತು ಸಹೋದ್ಯೋಗಿಗಳು ಕೊಟ್ಟ ಗಡಿ 3200. ನಿಮಿಷಕ್ಕೆ 2800 ಎಣಿಕೆಯಷ್ಟು ಆಡುತ್ತಿರುವ ಮಗು ಮೊದಲನೆಯದರ ಪ್ರಕಾರ ದಿನಕ್ಕೆ 60 ನಿಮಿಷ ಎಂಬ ಶಿಫಾರಸಿನ ದಾರಿಯಲ್ಲಿದೆ, ಎರಡನೆಯದರ ಪ್ರಕಾರ ಹಗುರವಾಗಿ ಓಡಾಡುತ್ತಿದೆ. 2011ರಲ್ಲಿ ಟ್ರಾಸ್ಟ್ ಮತ್ತು ಸಹೋದ್ಯೋಗಿಗಳು ಉಸಿರಾಟದ ಅನಿಲಗಳನ್ನು ಅಳೆದು ಐದು ಬಗೆಯ ಗಡಿಗಳನ್ನು ಹೋಲಿಸಿ ಎವೆನ್ಸನ್ ಗಡಿಯನ್ನು ಶಿಫಾರಸು ಮಾಡಿದ ಮೇಲೆ ಗೊಂದಲ ಸ್ವಲ್ಪ ತಿಳಿಯಾಗಿದೆ. ಆದರೂ ಎರಡು ಅಧ್ಯಯನಗಳ ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು ಮಾತನಾಡುವವರು ಮೊದಲು ಗಡಿ ಯಾವುದೆಂದು ನೋಡಲೇಬೇಕು.

ಸರಿದೂಗಿಸಿಕೊಳ್ಳುವುದು ಎಂದರೆ ಏನು

ಮೂರು ಶಾಲೆಗಳ ಫಲಿತಾಂಶದಿಂದ ‘ಮಗು ಸರಿದೂಗಿಸಿಕೊಳ್ಳುತ್ತದೆ’ ಎಂದು ಹೇಳುವಾಗ ತರ್ಕದಲ್ಲೊಂದು ಬಿರುಕಿದೆ. ಸರಿದೂಗಿಸುವಿಕೆ ಒಂದೇ ಮಗುವಿನೊಳಗೆ ನಡೆಯುವ ಕ್ರಿಯೆ: ಇಂದು ಕಡಿಮೆಯಾದರೆ ಅದೇ ಮಗು ಸಂಜೆಗೋ ನಾಳೆಗೋ ಹೆಚ್ಚು ಮಾಡಬೇಕು. ಪ್ಲಿಮತ್‌ನಲ್ಲಿ ಹೋಲಿಸಿದ್ದು ಬೇರೆಬೇರೆ ಮಕ್ಕಳನ್ನು, ಅದೂ ಬೇರೆಬೇರೆ ಮನೆತನ, ಆದಾಯ ಮತ್ತು ದಿನಚರಿಯ ಮಕ್ಕಳನ್ನು. ಮಕ್ಕಳು 215 ಇದ್ದರೂ ಶಾಲೆಗಳು ಮೂರೇ. ವಸತಿ ಶಾಲೆಯ ಮಗುವಿನ ಸಂಜೆ ನಿಲಯದ ನಿಯಮಕ್ಕೆ ಒಳಪಟ್ಟದ್ದು. ಬೀದಿಗಿಳಿದು ಆಡುವ ಸ್ವಾತಂತ್ರ್ಯ ಹಳ್ಳಿಯ ಮಗುವಿಗಿರಬಹುದು. ಹಾಗಿದ್ದಾಗ ಶಾಲೆಯ ಹೊರಗಿನ ವ್ಯತ್ಯಾಸಕ್ಕೆ ಜೈವಿಕ ನಿಯಂತ್ರಕವೇ ಕಾರಣವೆಂದು ಹೇಳಬೇಕಾಗಿಲ್ಲ.

ಒಂದೇ ಮಗುವನ್ನು ಎರಡು ಸ್ಥಿತಿಗಳಲ್ಲಿ ನೋಡಿದ ಪ್ರಯೋಗವೂ ಇದೆ. 2000ದಲ್ಲಿ ಅಮೆರಿಕದ ಡೇಲ್ ಮತ್ತು ಸಹೋದ್ಯೋಗಿಗಳು ಮೂರು ಮತ್ತು ನಾಲ್ಕನೆಯ ತರಗತಿಯ ಮಕ್ಕಳಿಗೆ ಕೆಲವು ದಿನ ಬಿಡುವಿನ ಆಟವನ್ನೂ ದೈಹಿಕ ಶಿಕ್ಷಣವನ್ನೂ ತಡೆದು, ಇನ್ನು ಕೆಲವು ದಿನ ಎರಡಕ್ಕೂ ಅವಕಾಶ ಕೊಟ್ಟು, ಶಾಲೆ ಬಿಟ್ಟ ನಂತರದ ಚಟುವಟಿಕೆಯನ್ನು ಅಳೆದರು. ಆಟ ತಪ್ಪಿದ ದಿನ ಮಕ್ಕಳು ಸಂಜೆ ಅದನ್ನು ತುಂಬಿಕೊಳ್ಳಲಿಲ್ಲ. ಶಾಲೆಯಲ್ಲಿ ಆಡಿದ ದಿನವೇ ಸಂಜೆಯೂ ಹೆಚ್ಚು ಓಡಾಡಿದರು. ಅಲ್ಪಾವಧಿಯ ಈ ಪ್ರಯೋಗ ವಾರಗಟ್ಟಲೆಯ ನಿಯಂತ್ರಣದ ಸಾಧ್ಯತೆಯನ್ನು ಅಳಿಸಿಹಾಕುವುದಿಲ್ಲ. ಆದರೂ ಸರಿದೂಗಿಸುವಿಕೆಯ ಪ್ರಶ್ನೆಗೆ ಮೂರು ಶಾಲೆಗಳ ಹೋಲಿಕೆಗಿಂತ ಇದೇ ಹೆಚ್ಚು ನೇರವಾದ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಅದೇ ವೇಳೆಗೆ ಪ್ಲಿಮತ್‌ನವರ ಸಂದೇಹವನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ. 2012ರಲ್ಲಿ ಅದೇ ಗುಂಪಿನ ಬ್ರ್ಯಾಡ್ ಮೆಟ್‌ಕಾಫ್ ಮತ್ತು ಸಹೋದ್ಯೋಗಿಗಳು, ಮಕ್ಕಳ ಚಟುವಟಿಕೆ ಹೆಚ್ಚಿಸುವ ಕಾರ್ಯಕ್ರಮಗಳ ಫಲವನ್ನು ಆಕ್ಸೆಲೆರೋಮೀಟರ್‌ನಿಂದಲೇ ಅಳೆದ 30 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಸರಾಸರಿ ಲಾಭ ದಿನಕ್ಕೆ ಸುಮಾರು 4 ನಿಮಿಷಗಳ ನಡಿಗೆ ಅಥವಾ ಓಟದಷ್ಟೇ. ಅಷ್ಟೊಂದು ಹಣ, ಶ್ರಮ ಮತ್ತು ಸದಾಶಯದ ನಂತರ ಬಂದ ಈ ಅಂಕಿಯನ್ನು ಓದುವುದು ಕಷ್ಟವೇ. ಹಲವು ಕಾರ್ಯಕ್ರಮಗಳ ಅವಧಿ ಮಗು ಹೇಗೂ ಆಡುತ್ತಿದ್ದ ಹೊತ್ತನ್ನೇ ಆಕ್ರಮಿಸಿರಬಹುದು ಎಂಬುದು ಒಂದು ವಿವರಣೆ. ಅದಕ್ಕೆ ಜೈವಿಕ ನಿಯಂತ್ರಕ ಬೇಕಿಲ್ಲ, ಗಡಿಯಾರ ಸಾಕು.

ಆರೋಗ್ಯದ ಕೊಂಡಿ

ಈ ಮೊತ್ತ ಮಗುವಿನ ದೇಹಕ್ಕೆ ಏನು ಮಾಡುತ್ತದೆ ಎಂಬುದಕ್ಕೂ ಅರ್ಲಿಬರ್ಡ್ ಮಕ್ಕಳಿಂದಲೇ ಉತ್ತರ ಹುಡುಕಲಾಯಿತು. 2008ರ ವರದಿಯ ಪ್ರಕಾರ ದಿನಕ್ಕೆ 60 ನಿಮಿಷಗಳ ಸರ್ಕಾರಿ ಶಿಫಾರಸನ್ನು ಹುಡುಗರಲ್ಲಿ ಶೇ. 42 ಮತ್ತು ಹುಡುಗಿಯರಲ್ಲಿ ಶೇ. 11 ಮಂದಿ ಮುಟ್ಟುತ್ತಿದ್ದರು. ಶಿಫಾರಸನ್ನು ಮುಟ್ಟಿದವರ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕವಾಗಲಿ ಕೊಬ್ಬಾಗಲಿ ಮೂರು ವರ್ಷಗಳಲ್ಲಿ ಬೇರೆಯಾಗಲಿಲ್ಲ. ಆದರೆ ಚಟುವಟಿಕೆ ಹೆಚ್ಚಿದ್ದಂತೆ ಚಯಾಪಚಯದ ಆರೋಗ್ಯ ಸಣ್ಣ ಪ್ರಮಾಣದಲ್ಲಾದರೂ ಉತ್ತಮವಾಗಿತ್ತು. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ವ್ಯಾಯಾಮ ವ್ಯರ್ಥವೆನ್ನುವವರಿಗೆ ಈ ವರದಿಯಲ್ಲೇ ಉತ್ತರವಿದೆ.

2011ರ ವರದಿ ಇನ್ನೂ ತೀಕ್ಷ್ಣವಾಗಿತ್ತು. ಏಳರಿಂದ ಹತ್ತನೆಯ ವಯಸ್ಸಿನವರೆಗೆ 202 ಮಕ್ಕಳನ್ನು ಪರೀಕ್ಷಿಸಿದಾಗ, ಏಳನೆಯ ವಯಸ್ಸಿನಲ್ಲಿ ಶೇ. 10ರಷ್ಟು ಹೆಚ್ಚು ಕೊಬ್ಬಿದ್ದ ಮಗುವಿನ ಚಟುವಟಿಕೆ ಹತ್ತರ ಹೊತ್ತಿಗೆ ಉಳಿದವರಿಗೆ ಹೋಲಿಸಿದರೆ ದಿನಕ್ಕೆ 4 ನಿಮಿಷ ಕುಸಿದಿತ್ತು. ಏಳರ ಚಟುವಟಿಕೆಯಿಂದ ಮುಂದಿನ ಕೊಬ್ಬನ್ನು ಊಹಿಸಲು ಮಾತ್ರ ಆಗಲಿಲ್ಲ. ಆಡದಿರುವುದರಿಂದ ಮಗು ದಪ್ಪಗಾಗುವುದಲ್ಲ, ದಪ್ಪಗಾದದ್ದರಿಂದ ಆಡುವುದು ಕಡಿಮೆಯಾಗುತ್ತದೆ ಎಂಬ ತೀರ್ಮಾನ ಅದರಿಂದ ಹೊರಟಿತು. ಮರುವರ್ಷ ಎಕೆಲುಂಡ್ ಮತ್ತು ಸಹೋದ್ಯೋಗಿಗಳು 14 ಅಧ್ಯಯನಗಳ, 4ರಿಂದ 18 ವರ್ಷದ 20,871 ಮಕ್ಕಳ ದಾಖಲೆಗಳನ್ನು ಒಂದೇ ವಿಧಾನದಲ್ಲಿ ಮರುಲೆಕ್ಕ ಹಾಕಿದಾಗಲೂ ಇಂಥದ್ದೇ ಚಿತ್ರ ಕಂಡಿತು. ಮಧ್ಯಮದಿಂದ ತೀವ್ರ ಚಟುವಟಿಕೆ ಹೆಚ್ಚಿದ್ದ ಮಕ್ಕಳಲ್ಲಿ ಸೊಂಟದ ಸುತ್ತಳತೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಇನ್ಸುಲಿನ್ ಮುಂತಾದವು ಉತ್ತಮವಾಗಿದ್ದವು, ಅವರು ಎಷ್ಟು ಹೊತ್ತು ಕುಳಿತಿರುತ್ತಿದ್ದರು ಎಂಬುದರ ಹಂಗಿಲ್ಲದೆ. ಆದರೆ ಮುಂದಿನ ವರ್ಷಗಳ ಸೊಂಟದ ಸುತ್ತಳತೆಯನ್ನು ಆರಂಭದ ಚಟುವಟಿಕೆ ಮುನ್ಸೂಚಿಸಲಿಲ್ಲ. ಆರಂಭದ ಸುತ್ತಳತೆ ಮಾತ್ರ ಮುಂದೆ ಹೆಚ್ಚು ಹೊತ್ತು ಕುಳಿತಿರುವುದನ್ನು ಮುನ್ಸೂಚಿಸಿತು.

ಇಲ್ಲಿ ಅಳತೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಅರ್ಲಿಬರ್ಡ್‌ನಲ್ಲಿ ಕೊಬ್ಬನ್ನು ಅಳೆದದ್ದು ಡೆಕ್ಸಾ ಎಂಬ ಕ್ಷ-ಕಿರಣ ಯಂತ್ರ. ಇವತ್ತು ಅಳೆದರೂ ಮುಂದಿನ ವಾರ ಅಳೆದರೂ ಬಹುತೇಕ ಅದೇ ಉತ್ತರ. ಚಟುವಟಿಕೆಯನ್ನು ಅಳೆದದ್ದು ಕೆಲವೇ ದಿನ ಕಟ್ಟಿದ ಪಟ್ಟಿ. ಆ ವಾರ ಮಳೆ ಬಂದಿರಬಹುದು, ಮಗುವಿಗೆ ನೆಗಡಿಯಾಗಿರಬಹುದು, ಪರೀಕ್ಷೆಯಿದ್ದಿರಬಹುದು, ಪಟ್ಟಿ ಕಟ್ಟಿದ ಹುರುಪಿಗೆ ಮೊದಲ ದಿನ ಹೆಚ್ಚು ಓಡಿರಬಹುದು. ಹೀಗೆ ಯಾದೃಚ್ಛಿಕ ದೋಷ ಹೆಚ್ಚಿರುವ ಅಳತೆಯನ್ನು ಕಾರಣದ ಜಾಗದಲ್ಲಿಟ್ಟರೆ ನಿಜವಾದ ಸಂಬಂಧವೂ ಸೊನ್ನೆಯ ಕಡೆಗೆ ಕುಗ್ಗಿ ಕಾಣುತ್ತದೆ. ಅದೇ ಅಳತೆಯನ್ನು ಪರಿಣಾಮದ ಜಾಗದಲ್ಲಿಟ್ಟರೆ ಅಂದಾಜಿನ ಗಾತ್ರ ಕುಗ್ಗುವುದಿಲ್ಲ, ನಿಖರತೆಯಷ್ಟೇ ಕಡಿಮೆಯಾಗುತ್ತದೆ. ಆದ್ದರಿಂದ ಕೊಬ್ಬಿನಿಂದ ಚಟುವಟಿಕೆಯ ಕಡೆಗೆ ಹೋಗುವ ಬಾಣ ಎದ್ದು ಕಾಣುವುದಕ್ಕೂ, ಚಟುವಟಿಕೆಯಿಂದ ಕೊಬ್ಬಿನ ಕಡೆಗೆ ಹೋಗುವ ಬಾಣ ಮಸುಕಾಗುವುದಕ್ಕೂ ಎರಡು ಅಳತೆಗಳ ಗುಣಮಟ್ಟದ ಅಂತರ ಒಂದಷ್ಟು ಕಾರಣವಾಗಿರಲೇಬೇಕು. ಎಷ್ಟರ ಮಟ್ಟಿಗೆ ಎಂಬುದನ್ನು ತಿಳಿಯಬೇಕಾದರೆ ಅದೇ ಮಕ್ಕಳನ್ನು ಬೇರೆಬೇರೆ ವಾರಗಳಲ್ಲಿ ಮತ್ತೆ ಮತ್ತೆ ಅಳೆದು, ಒಂದು ವಾರದ ಉತ್ತರ ಇನ್ನೊಂದು ವಾರದ್ದಕ್ಕೆ ಎಷ್ಟು ಹೊಂದುತ್ತದೆ ಎಂದು ನೋಡಬೇಕು. ಸ್ಥೂಲಕಾಯದ ಮಗುವನ್ನು ಸೋಮಾರಿಯೆಂದು ಹೀಯಾಳಿಸುವುದನ್ನು ಈ ಅಧ್ಯಯನಗಳು ಖಂಡಿತ ತಡೆಯಬೇಕು. ಆಟಕ್ಕೂ ಕೊಬ್ಬಿಗೂ ಸಂಬಂಧವೇ ಇಲ್ಲವೆಂದು ಹೇಳಲು ಅವು ಸಾಲವು.

ಹಾಗಾದರೆ ಬೇರೆ ಸಾಧನಗಳಿಲ್ಲವೇ? ಹೈಡ್ರೋಜನ್ ಮತ್ತು ಆಮ್ಲಜನಕದ ಭಾರವಾದ ಐಸೋಟೋಪುಗಳಿರುವ ನೀರನ್ನು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗದ ವ್ಯತ್ಯಾಸದಿಂದ ಒಂದೆರಡು ವಾರಗಳ ಶಕ್ತಿವ್ಯಯವನ್ನು ತಿಳಿಯುವ ವಿಧಾನ 1982ರಿಂದ ಮನುಷ್ಯರಲ್ಲಿ ಬಳಕೆಯಲ್ಲಿದೆ. ಒಟ್ಟು ಶಕ್ತಿವ್ಯಯಕ್ಕೆ ಅದಕ್ಕಿಂತ ನಂಬಲರ್ಹವಾದ ಅಳತೆ ಇಲ್ಲ. ಆದರೆ ಮಗು ಯಾವಾಗ, ಎಷ್ಟು ಬಿರುಸಾಗಿ ಆಡಿತು ಎಂಬುದನ್ನು ಅದು ಹೇಳದು, ದುಬಾರಿಯೂ ಹೌದು. ಇನ್ನೊಂದು ತುದಿಯಲ್ಲಿ ಪ್ರಶ್ನಾವಳಿ. 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ದಾಖಲೆಗಳಿಂದ, 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿ 2016ರಲ್ಲಿ ಸಾಕಷ್ಟು ಸಕ್ರಿಯರಾಗಿರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಅಂದಾಜಿಸಿದ್ದು ವಿದ್ಯಾರ್ಥಿಗಳೇ ಕೊಟ್ಟ ಉತ್ತರಗಳಿಂದ. ಹದಿನೈದರ ಹುಡುಗಿ ತನ್ನ ವಾರವನ್ನು ನೆನೆದು ಉತ್ತರಿಸಬಲ್ಲಳು. ಏಳು ವರ್ಷದ, ಮೂರು ಸೆಕೆಂಡಿನ ಸರದಿಗಳಲ್ಲಿ ಬದುಕುವ ಮಗುವಿಗೆ ಅದು ಸಾಧ್ಯವಿಲ್ಲ. ಸಂಸ್ಥೆಯ 2020ರ ಮಾರ್ಗಸೂಚಿ ಪ್ರತಿದಿನವೂ 60 ನಿಮಿಷ ಎಂಬ ಹಳೆಯ ಮಾತನ್ನು ಬದಲಿಸಿ, ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ ಎಂದದ್ದು ಸಣ್ಣ ತಿದ್ದುಪಡಿಯಂತೆ ಕಂಡರೂ, ಅಳೆಯುವವರ ಮಟ್ಟಿಗೆ ಅದು ದೊಡ್ಡದು: ಒಂದು ಮಳೆಯ ದಿನದಿಂದಾಗಿ ಮಗು ನಿಷ್ಕ್ರಿಯರ ಪಟ್ಟಿಗೆ ಸೇರುವುದು ತಪ್ಪಿತು.

ಮೂರು ಶಾಲೆಗಳಲ್ಲಿ ಬಳಸಿದಂಥ ಉಪಕರಣಕ್ಕೆ ಪೂರ್ತಿಯಾಗಿ ಕಾಣದೇ ಹೋಗುವ ಇನ್ನೊಂದು ಸಂಗತಿಯಿದೆ, ಅದು ಮೂಳೆ. ಅಮೆರಿಕದ ಅಯೋವಾದಲ್ಲಿ ಮಕ್ಕಳ ಮೂಳೆಗಳ ಬೆಳವಣಿಗೆಯನ್ನು ಹಲವು ವರ್ಷ ಗಮನಿಸಿದ ಅಧ್ಯಯನದಲ್ಲಿ, ಐದನೆಯ ವಯಸ್ಸಿನಲ್ಲಿ ಹೆಚ್ಚು ಸಕ್ರಿಯರಾಗಿದ್ದ ಮಕ್ಕಳಿಗೆ ಎಂಟು ಮತ್ತು ಹನ್ನೊಂದರ ವಯಸ್ಸಿನಲ್ಲೂ ಮೂಳೆಯ ಖನಿಜಾಂಶ ಹೆಚ್ಚಿತ್ತು. ಮೂಳೆಯನ್ನು ಗಟ್ಟಿ ಮಾಡುವುದು ನಿಮಿಷಗಳಿಗಿಂತ ಹೆಚ್ಚಾಗಿ ಆಘಾತ, ಅಂದರೆ ಜಿಗಿದು ನೆಲಕ್ಕೆ ಅಪ್ಪಳಿಸಿದಾಗ ಬೀಳುವ ಭಾರ. ಇಂಗ್ಲೆಂಡಿನ ಏವನ್ ಪ್ರದೇಶದ ಹದಿಹರೆಯದವರಲ್ಲಿ ಸೊಂಟದ ಮೂಳೆಯ ಸಾಂದ್ರತೆಯೊಂದಿಗೆ ಸಂಬಂಧ ಕಂಡದ್ದು ಗುರುತ್ವದ 4.2 ಪಟ್ಟಿಗಿಂತ ಹೆಚ್ಚಿನ ಆಘಾತಗಳಿಗೆ ಮಾತ್ರ. ಮಧ್ಯಮ ಮತ್ತು ಸಣ್ಣ ಆಘಾತಗಳಿಗೆ ಅದು ಕಾಣಲಿಲ್ಲ. ಹಳೆಯ ಪೆಟ್ಟಿಗೆಯಾದರೋ ಗುರುತ್ವದ ಸುಮಾರು ಎರಡು ಪಟ್ಟಿನಿಂದಾಚೆಗೆ ಏನನ್ನೂ ಬೇರ್ಪಡಿಸಿ ನೋಡುತ್ತಿರಲಿಲ್ಲ. ವಾರಕ್ಕೆ 9 ಗಂಟೆ ಆಡುವ ಶಾಲೆಯಲ್ಲೂ 1.8 ಗಂಟೆ ಆಡುವ ಶಾಲೆಯಲ್ಲೂ ಮಕ್ಕಳು ಎಷ್ಟು ಬಾರಿ ಜಿಗಿದರು, ಎಷ್ಟು ಎತ್ತರದಿಂದ ಇಳಿದರು ಎಂಬ ಪ್ರಶ್ನೆಗೆ ಉತ್ತರ ಆ ದಾಖಲೆಗಳಲ್ಲಿ ಇಲ್ಲ. ಇಂದಿನ ಉಪಕರಣಗಳು ಮೂರು ಅಕ್ಷಗಳಲ್ಲಿ, ಸೆಕೆಂಡಿಗೆ ಹತ್ತಾರು ಬಾರಿ ಓದಿ, ಸೋಸದ ಸಂಕೇತವನ್ನೇ ಉಳಿಸಿಕೊಳ್ಳುತ್ತವೆ. ಮಣಿಕಟ್ಟಿಗೆ ಕಟ್ಟಿ ನೀರಿಗೂ ಇಳಿಯಬಹುದು. ಅದೇ ಬಗೆಯ ಮೂರು ಶಾಲೆಗಳನ್ನು ಅವುಗಳಿಂದ ಮತ್ತೊಮ್ಮೆ ಅಳೆಯುವುದಾದರೆ ಮೊತ್ತದ ಜೊತೆಗೆ ತೀವ್ರತೆಯ ಹಂಚಿಕೆ, ಆಘಾತಗಳ ಎಣಿಕೆ, ಮತ್ತು ಒಂದೇ ಮಗುವಿನ ಆಟವಿದ್ದ ದಿನ ಹಾಗೂ ಆಟವಿಲ್ಲದ ದಿನಗಳ ಹೋಲಿಕೆ, ಈ ಮೂರನ್ನೂ ಅಳತೆ ಶುರುವಾಗುವ ಮುನ್ನವೇ ಯೋಜನೆಯಲ್ಲಿ ಬರೆದಿಡಬೇಕು.